ಮೂವತ್ತು ವ್ಯಾಟಿನ ಮೇಷ್ಟ್ರು

ಕರ್ನಾಟಕದ ಕಾಲೇಜು ಬಾನುಲಿ ಮತ್ತು ಸಮುದಾಯ ಬಾನುಲಿ ಕೇಂದ್ರಗಳ ಬಳಗಕ್ಕೆ,



ಸೆಪ್ಟೆಂಬರ್ 10 ಹತ್ತಿರ ಬಂತೆಂದರೆ ಮೈಸೂರಿನಲ್ಲಿ ಒಂದು ಹೆಸರು ನಾಲ್ಕು ದಿನ ಓಡಾಡುತ್ತದೆ. ಪತ್ರಿಕೆಗಳಲ್ಲಿ ಎರಡು ಕಾಲಂ ಬರುತ್ತದೆ, ಎಲ್ಲೋ ಒಂದು ಸಭೆ ನಡೆಯುತ್ತದೆ, ಹಾರ, ಶಾಲು, ವಂದನಾರ್ಪಣೆ. ಮಾರನೆಯ ದಿನ ಎಲ್ಲ ಯಥಾಪ್ರಕಾರ. ಆ ಹೆಸರು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರದು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಅವರು ಬಾನುಲಿಯೊಂದನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬಾನುಲಿಗೆ ಅಂಟಿಕೊಂಡದ್ದು ಅಲ್ಲಿಂದ. ಮುಂದಿನ ಸಭೆಗೆ ನೀವು ಆಹ್ವಾನಪತ್ರಿಕೆ ಅಚ್ಚು ಹಾಕಿಸುವ ಮೊದಲೇ ಈ ಕಾಗದ ನಿಮ್ಮನ್ನು ಮುಟ್ಟಲಿ ಎಂದು ಬರೆಯುತ್ತಿದ್ದೇನೆ. ನಾನು ತರಗತಿಯಲ್ಲಿ ಪಾಠ ಹೇಳಿ ನಿವೃತ್ತನಾದವನು, ಬಾನುಲಿ ಕೇಳುತ್ತಾ ಬೆಳೆದವನು. ನನಗಿರುವ ಅರ್ಹತೆ ಅಷ್ಟೇ.

ನನ್ನ ತಕರಾರು ಇದು: ಅವರನ್ನು ನಾವು ತಪ್ಪು ಕಾರಣಕ್ಕೆ ಹೊಗಳುತ್ತಿದ್ದೇವೆ. ವೇದಿಕೆ ಹತ್ತಿದವರೆಲ್ಲ ‘ದೇಶದಲ್ಲೇ ಮೊದಲು’ ಎಂದು ಶುರು ಮಾಡುತ್ತಾರೆ, ಅಲ್ಲಿಗೇ ಮುಗಿಸುತ್ತಾರೆ. ಮೊದಲಿಗರು ಯಾರು ಎಂದು ವಾದಕ್ಕೆ ಕೂತರೆ ಮದರಾಸಿನವರು ಸುಮ್ಮನಿರುವುದಿಲ್ಲ. ಅಲ್ಲಿನ ರೇಡಿಯೋ ಕ್ಲಬ್ಬು 1924ರಲ್ಲೇ ಪ್ರಸಾರ ಮಾಡಿತ್ತು. ಮುಂಬಯಿ ಮತ್ತು ಕಲ್ಕತ್ತಾಗಳಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರಲ್ಲಿ ನಿಲಯಗಳನ್ನು ತೆರೆದಿತ್ತು. ಆದ್ದರಿಂದ ‘ಮೊದಲು’ ಎಂಬ ಮಾತಿಗೆ ಎಡಕ್ಕೂ ಬಲಕ್ಕೂ ಊರುಗೋಲು ಕೊಡಬೇಕಾಗುತ್ತದೆ: ಖಾಸಗಿ ವ್ಯಕ್ತಿಯದು, ದೇಶೀಯ ಸಂಸ್ಥಾನದ್ದು, ಮನೆಯಿಂದ ನಡೆದದ್ದು ಎಂದೆಲ್ಲ. ಈ ಜಗಳ ನಮಗೆ ಬೇಡ. ಮನಃಶಾಸ್ತ್ರದ ಮೇಷ್ಟ್ರೊಬ್ಬರು ಬಾನುಲಿಯ ಗೊಡವೆಗೆ ಯಾಕೆ ಹೋದರು ಎಂಬ ಪ್ರಶ್ನೆ ಇದಕ್ಕಿಂತ ನೂರು ಪಾಲು ರುಚಿಯಾದದ್ದು. ಅದನ್ನು ಕೇಳಿದವರು ಕಡಿಮೆ.

ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರು. ಬುದ್ಧಿಶಕ್ತಿಯನ್ನು ಅಳೆಯುವ ವಿದ್ಯೆಗೆ ಗಣಿತದ ತಳಪಾಯ ಹಾಕಿದವರು ಆ ಗುರು. ಮನುಷ್ಯನ ಬೇರೆ ಬೇರೆ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂದು ವಾದಿಸಿದವರು. ಶಿಷ್ಯರು ಹಿಡಿದದ್ದು ಅದರದೇ ಒಂದು ಎಳೆ: ಕೈಕೆಲಸ ಕಲಿಯುವುದರಲ್ಲಿ ಬುದ್ಧಿಯ ಪಾಲೆಷ್ಟು? ಕನ್ನಡಿಯಲ್ಲಿ ಕಾಣುವ ಬಿಂಬವನ್ನಷ್ಟೇ ನೋಡುತ್ತಾ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗ ಮನಃಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಕೈ ಒಂದು ಕಡೆಗೆ ಹೊರಟರೆ ಕಣ್ಣು ಇನ್ನೊಂದು ಕಡೆಗೆ ಎಳೆಯುತ್ತದೆ. ಇಂಥ ಕಲಿಕೆಯ ಬಗ್ಗೆ ಅವರು ಬರೆದ ಪ್ರಬಂಧ 1924ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿಯಲ್ಲಿ ಬಂತು.

ಅದೇ ವರ್ಷ ಮೈಸೂರು. ಆಗ ಅಲ್ಲಿನ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದವರು ಬ್ರಜೇಂದ್ರನಾಥ ಸೀಲ್. ತತ್ತ್ವಶಾಸ್ತ್ರದ ಹಿತ್ತಿಲಲ್ಲಿ ಮುದುಡಿ ಕೂತಿದ್ದ ಮನಃಶಾಸ್ತ್ರ ಕಲ್ಕತ್ತಾದಲ್ಲಿ ಪ್ರಯೋಗದ ಶಾಸ್ತ್ರವಾಗಿ ಎದ್ದು ನಿಂತದ್ದನ್ನು ಕಂಡಿದ್ದವರು. ಮೈಸೂರಿನಲ್ಲೂ ಅಂಥದೊಂದು ವಿಭಾಗ ಬೇಕು ಎನಿಸಿದಾಗ ಕೈಗೆ ಸಿಕ್ಕವರು ಲಂಡನ್ನಿನಿಂದ ಆಗಷ್ಟೇ ಬಂದಿದ್ದ ಗೋಪಾಲಸ್ವಾಮಿ. ಮಹಾರಾಜ ಕಾಲೇಜಿನಲ್ಲಿ ಪ್ರಯೋಗಾಲಯದೊಂದಿಗೆ ವಿಭಾಗ ಶುರುವಾಯಿತು. ದೇಶದಲ್ಲಿ ಅಂಥ ವಿಭಾಗಗಳನ್ನು ಒಂದು ಕೈಬೆರಳಲ್ಲಿ ಎಣಿಸಬಹುದಾಗಿದ್ದ ಕಾಲವದು. ಅಧ್ಯಾಪಕರಾಗಿ ಬಂದವರು ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದರು. ಬಾನುಲಿಯ ಸಭೆಗಳಲ್ಲಿ ಇಷ್ಟಕ್ಕೆಲ್ಲ ಸಿಗುವುದು ಅರ್ಧ ವಾಕ್ಯ: ‘ವೃತ್ತಿಯಿಂದ ಪ್ರಾಧ್ಯಾಪಕರಾಗಿದ್ದ ಇವರು...’ ಬಾನುಲಿ ಅವರ ಬಿಡುವಿನ ಹವ್ಯಾಸವಾಗಿತ್ತು, ಪಾಠ ಹೊಟ್ಟೆಪಾಡಾಗಿತ್ತು ಎಂಬಂತೆ. ನನಗೆ ಕಾಣುವುದು ಇದರ ತಿರುವುಮುರುವು. ಅವರ ಬಾನುಲಿಯೂ ಪಾಠದ ಮುಂದುವರಿಕೆಯೇ.

ಆ ಕಾಲದ ಮೈಸೂರನ್ನು ಸ್ವಲ್ಪ ನೆನೆಸಿಕೊಳ್ಳಿ. 1931ರ ಜನಗಣತಿಯ ಪ್ರಕಾರ ಇಡೀ ಭಾರತದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತು ಮಂದಿಯೂ ಇರಲಿಲ್ಲ. ವಿಶ್ವವಿದ್ಯಾನಿಲಯ 1916ರಲ್ಲೇ ಹುಟ್ಟಿದ್ದರೂ ಅದರ ಪಾಠಗಳು ನಡೆಯುತ್ತಿದ್ದದ್ದು ಇಂಗ್ಲಿಷಿನಲ್ಲಿ, ಕೇಳುತ್ತಿದ್ದವರು ಬೆರಳೆಣಿಕೆಯ ಮಂದಿ. ತಮ್ಮ ವಿದ್ಯೆ ಯಾರ ತೆರಿಗೆಯ ಹಣದಲ್ಲಿ ನಡೆಯುತ್ತಿದೆಯೋ ಅವರ ಕಿವಿಗೇ ಬೀಳುತ್ತಿಲ್ಲ ಎಂಬ ಮುಜುಗರ ಅಂದಿನ ಒಳ್ಳೆಯ ಅಧ್ಯಾಪಕರನ್ನು ಕಾಡುತ್ತಿತ್ತು. ಅದಕ್ಕೆ ವಿಶ್ವವಿದ್ಯಾನಿಲಯ ಕಂಡುಕೊಂಡ ಒಂದು ದಾರಿ ಪ್ರಚಾರೋಪನ್ಯಾಸ. ಮೇಷ್ಟ್ರುಗಳು ರೈಲು ಬಸ್ಸು ಹಿಡಿದು ತಾಲ್ಲೂಕು ಕೇಂದ್ರಗಳಿಗೆ, ಹಳ್ಳಿಗಳಿಗೆ ಹೋಗಿ ಖಗೋಳವನ್ನೋ ಚರಿತ್ರೆಯನ್ನೋ ಕನ್ನಡದಲ್ಲಿ ಹೇಳಿ ಬರುತ್ತಿದ್ದರು. ಆಮೇಲೆ ಆ ಉಪನ್ಯಾಸಗಳೇ ನಾಲ್ಕಾಣೆ ಎಂಟಾಣೆಯ ಪುಟ್ಟ ಪುಸ್ತಕಗಳಾದವು. ಕನ್ನಡದಲ್ಲಿ ವಿಜ್ಞಾನ, ಅರ್ಥಶಾಸ್ತ್ರ ಬರೆಯಬಹುದು ಎಂದು ತೋರಿಸಿಕೊಟ್ಟದ್ದು ಆ ಪುಸ್ತಕಗಳೇ. ಈ ಹಿನ್ನೆಲೆಯನ್ನು ಬಿಟ್ಟು ವಿಠಲ ವಿಹಾರದ ಬಾನುಲಿಯನ್ನು ನೋಡಿದರೆ ಅದು ಒಬ್ಬ ವಿಲಕ್ಷಣ ಮನುಷ್ಯನ ಯಂತ್ರದ ಹುಚ್ಚಿನಂತೆ ಕಾಣುತ್ತದೆ. ಜೊತೆಗಿಟ್ಟು ನೋಡಿದರೆ, ಊರೂರು ಸುತ್ತುತ್ತಿದ್ದ ಉಪನ್ಯಾಸ ಇಲ್ಲಿ ಗಾಳಿ ಹತ್ತಿತು, ಅಷ್ಟೇ.

ಯಂತ್ರವೇನೂ ದೊಡ್ಡದಲ್ಲ. 30 ವ್ಯಾಟಿನ ಪ್ರೇಷಕ. ಮನೆಯಲ್ಲಿ ಉರಿಸುವ ಹಳೆಯ ಕಾಲದ ಮಂಕು ಬಲ್ಬಿನಷ್ಟು ಶಕ್ತಿ. ಅದಕ್ಕಿಂತ ಎಂಟು ಪಟ್ಟು ಬಲದ, 250 ವ್ಯಾಟಿನದು ಬಂದದ್ದು ಆಮೇಲೆ. ಮೈಸೂರಿಗೆ ವಿದ್ಯುತ್ ದೀಪ ಬಂದದ್ದೇ 1908ರಲ್ಲಿ. ಅದಾಗಿ ಮೂವತ್ತು ವರ್ಷವೂ ತುಂಬುವ ಮೊದಲು ಊರಿನ ಮೇಷ್ಟ್ರೊಬ್ಬರು ಆ ವಿದ್ಯುತ್ತನ್ನು ಮಾತಾಗಿಸಿ ತಮ್ಮ ಮನೆಯಿಂದ ಹೊರಗೆ ಕಳಿಸುತ್ತಿದ್ದರು.

ಹಣದ ಮಾತು ಇಲ್ಲಿ ಬಂದೇ ಬರಬೇಕು. ಮುಂಬಯಿ, ಕಲ್ಕತ್ತಾಗಳ ಆ ಕಂಪನಿಗೆ ಷೇರುದಾರರಿದ್ದರು, ತಲಾ ಒಂದೂವರೆ ಕಿಲೋವ್ಯಾಟಿನ ಎರಡು ನಿಲಯಗಳಿದ್ದವು, ಪ್ರತಿ ರೇಡಿಯೋ ಲೈಸೆನ್ಸಿನ ಹತ್ತು ರೂಪಾಯಿಯಲ್ಲಿ ಹೆಚ್ಚಿನ ಪಾಲೂ ಬರುತ್ತಿತ್ತು. ಆದರೂ ಮೂರು ವರ್ಷ ತುಂಬುವ ಮೊದಲೇ ಬಾಗಿಲು ಹಾಕಿತು. 1930ರ ಕೊನೆಗೆ ಇಡೀ ದೇಶದಲ್ಲಿದ್ದ ಲೈಸೆನ್ಸುಗಳು ಎಂಟು ಸಾವಿರವೂ ಇಲ್ಲವೆಂದ ಮೇಲೆ ವ್ಯಾಪಾರ ನಡೆಯುವುದಾದರೂ ಹೇಗೆ? ಸರ್ಕಾರ ಅದನ್ನು ವಹಿಸಿಕೊಂಡಿತು. ಇಷ್ಟೆಲ್ಲ ಕಣ್ಣೆದುರಿಗೆ ನಡೆದ ಮೇಲೂ ಗೋಪಾಲಸ್ವಾಮಿಯವರು ಬಾನುಲಿಗೆ ಕೈ ಹಾಕಿದರು. ವರ್ಷಗಟ್ಟಲೆ ಬಹುಮಟ್ಟಿಗೆ ಸ್ವಂತ ದುಡ್ಡಿನಲ್ಲೇ ನಡೆಸಿದರು. ಪುರಸಭೆಯ ನೆರವು, ಅರಮನೆಯ ಕೃಪೆ ಆಮೇಲಿನ ಮಾತು. ಕಂಪನಿಯ ಲೆಕ್ಕದಲ್ಲಿ ಕೇಳುಗ ಎಂದರೆ ಹತ್ತು ರೂಪಾಯಿ. ಮೇಷ್ಟ್ರ ಲೆಕ್ಕದಲ್ಲಿ ಆತ ಹಾಜರಿ ಪುಸ್ತಕದಲ್ಲಿಲ್ಲದ ವಿದ್ಯಾರ್ಥಿ. ಲಾಭವನ್ನೇ ನಿರೀಕ್ಷಿಸದವನಿಗೆ ನಷ್ಟದ ಭಯ ಇರುವುದಿಲ್ಲ ಎನ್ನಬಹುದು. ಆದರೆ ಸಂಬಳದ ದುಡ್ಡಿನಲ್ಲಿ ಪ್ರೇಷಕದ ವಾಲ್ವುಗಳನ್ನು ತರಿಸಿ, ಅವು ಸುಟ್ಟುಹೋದಾಗ ಮತ್ತೆ ತರಿಸುವ ಮನೆಯಲ್ಲಿ ಅಡುಗೆಮನೆಯ ಕಡೆಯಿಂದ ಏನೇನು ಮಾತು ಬಂದಿರಬಹುದು ಎಂದೂ ನಾನು ಯೋಚಿಸುತ್ತೇನೆ. ಚರಿತ್ರೆ ಬರೆಯುವವರು ಅತ್ತ ಕಿವಿಗೊಟ್ಟಂತೆ ಕಾಣೆ. ಕಲಾವಿದರು, ಉಪನ್ಯಾಸಕರು, ತಂತಿ ಜೋಡಿಸುವ ಹುಡುಗರು ಹೊತ್ತುಗೊತ್ತಿಲ್ಲದೆ ಬಂದು ಹೋಗುವ ಮನೆಯನ್ನು ನಡೆಸಿದವರಿಗೂ ಈ ಗೌರವದಲ್ಲಿ ಪಾಲಿದೆ.

ಮೈಕಿನ ಮುಂದೆ ಬಂದು ಕೂತವರನ್ನು ನೋಡಿ. ಮೊದಲ ದಿನ ಕವಿತೆ ಓದಿದವರು ಕುವೆಂಪು ಎಂಬುದು ಮೈಸೂರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ. ಇಂದು ನಮಗೆ ಅವರು ರಾಷ್ಟ್ರಕವಿ. 1935ರಲ್ಲಿ ಅದೇ ಮಹಾರಾಜ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ, ಇನ್ನೂ ಮೂವತ್ತರ ಆಸುಪಾಸಿನ ಮೇಷ್ಟ್ರು. ಬಾನುಲಿಗೆ ಹೆಗಲು ಕೊಟ್ಟ ಇನ್ನೊಬ್ಬರು ನಾ. ಕಸ್ತೂರಿ. ಚರಿತ್ರೆಯ ಅಧ್ಯಾಪಕರು. ಮನೆಮಾತು ಮಲಯಾಳ, ನಗಿಸಿದ್ದು ಕನ್ನಡದಲ್ಲಿ. ‘ಅನರ್ಥಕೋಶ’ ಓದಿ ನಕ್ಕವರಿಗೆ, ‘ಕೊರವಂಜಿ’ಯ ಹಳೆಯ ಸಂಚಿಕೆಗಳನ್ನು ಕಾಪಾಡಿಕೊಂಡವರಿಗೆ ಅವರ ಪರಿಚಯ ಬೇಕಿಲ್ಲ. ‘ಆಕಾಶವಾಣಿ’ ಎಂದು ಹೆಸರಿಟ್ಟ ಕೀರ್ತಿ ಹೆಚ್ಚಾಗಿ ಸಲ್ಲುವುದು ಇವರಿಗೇ. ಗೋಪಾಲಸ್ವಾಮಿಯವರೇ ಇಟ್ಟರು ಎನ್ನುವವರೂ ಇದ್ದಾರೆ. ನನಗೆ ಇದರಲ್ಲಿ ಪಕ್ಷವಿಲ್ಲ. ಮನಃಶಾಸ್ತ್ರದವರೊಬ್ಬರು, ಚರಿತ್ರೆಯವರೊಬ್ಬರು, ಕನ್ನಡದವರೊಬ್ಬರು ಸಂಜೆ ಒಂದೇ ಕೋಣೆಯಲ್ಲಿ ಸೇರಿ, ಊರಿಗೆ ಏನು ಹೇಳೋಣ ಎಂದು ಮಾತಾಡಿಕೊಳ್ಳುತ್ತಿದ್ದರಲ್ಲ, ನನ್ನ ಅಸೂಯೆ ಅದರ ಮೇಲೆ. ನಾನು ಕೆಲಸ ಮಾಡಿದ ಕಡೆ ಬೇರೆ ಬೇರೆ ವಿಭಾಗದವರು ಸೇರುತ್ತಿದ್ದದ್ದು ತುಟ್ಟಿಭತ್ಯೆಯ ಸುದ್ದಿ ಬಂದಾಗ.

ಇನ್ನೊಂದು ಸಂಗತಿ ಇದೆ. ಗೋಪಾಲಸ್ವಾಮಿಯವರು ಮನಃಶಾಸ್ತ್ರದವರಾಗಿದ್ದದ್ದು ಆಕಸ್ಮಿಕವಲ್ಲ ಎಂದು ನನಗೆ ಅನ್ನಿಸುವುದು ಇದರಿಂದ. ಅವರು ಲಂಡನ್ನಿನಲ್ಲಿದ್ದ ಕಾಲವೇ ಬಿಬಿಸಿ ಕಣ್ಣು ಬಿಟ್ಟ ಕಾಲ. ಮುಖ ಕಾಣದ ದನಿಯೊಂದು ಸಾವಿರಾರು ಮನೆಗಳ ಒಳಗೆ ಹೋಗಿ ಕೂತದ್ದು ಮನಃಶಾಸ್ತ್ರಜ್ಞರ ಕುತೂಹಲವನ್ನು ಕೆಣಕಿತ್ತು. ಮ್ಯಾಂಚೆಸ್ಟರಿನ ಟಿ.ಎಚ್. ಪಿಯರ್ ಎಂಬ ಪ್ರಾಧ್ಯಾಪಕರು 1927ರಲ್ಲಿ ಬಿಬಿಸಿಯ ನೆರವಿನಿಂದ ಒಂದು ಪ್ರಯೋಗ ಮಾಡಿದರು. ಬೇರೆ ಬೇರೆ ಕಸುಬಿನವರಿಂದ ಒಂದೇ ಬರಹವನ್ನು ಓದಿಸಿ, ದನಿ ಕೇಳಿಯೇ ಅವರ ವಯಸ್ಸು, ಉದ್ಯೋಗ, ಊರು ಊಹಿಸಿ ಎಂದು ಕೇಳುಗರನ್ನು ಕೇಳಿದರು. ಸಾವಿರಾರು ಉತ್ತರಗಳು ಬಂದವು. ಅಮೆರಿಕದಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಮತ್ತು ಗಾರ್ಡನ್ ಆಲ್‌ಪೋರ್ಟ್ ಸೇರಿ ಬರೆದ ‘ದಿ ಸೈಕಾಲಜಿ ಆಫ್ ರೇಡಿಯೋ’ ಹೊರಬಂದದ್ದು ಸರಿಯಾಗಿ 1935ರಲ್ಲಿ. ಹಾರ್ವರ್ಡ್‌ನವರು ಬಾನುಲಿಯ ಮೇಲೆ ಪುಸ್ತಕ ಬರೆದ ವರ್ಷ ಮೈಸೂರಿನವರು ಬಾನುಲಿಯನ್ನೇ ಕಟ್ಟಿದರು. ಒಬ್ಬರಿಗೆ ಇನ್ನೊಬ್ಬರ ಸುದ್ದಿ ತಿಳಿದಿತ್ತೆಂದು ನಾನು ಹೇಳುತ್ತಿಲ್ಲ. ಮನಸ್ಸು ಹೇಗೆ ಕಲಿಯುತ್ತದೆ ಎಂದು ತಲೆಕೆಡಿಸಿಕೊಂಡವರಿಗೆ ಆ ದಶಕದಲ್ಲಿ ಬಾನುಲಿಯನ್ನು ಕಂಡೂ ಕಾಣದಂತಿರಲು ಸಾಧ್ಯವಿರಲಿಲ್ಲ.

ಬಾನುಲಿ ತರಗತಿಯಲ್ಲ ಎಂಬುದು ಮೈಕಿನ ಮುಂದೆ ಕೂತ ಯಾರಿಗಾದರೂ ಅನುಭವಕ್ಕೆ ಬರುತ್ತದೆ. ತರಗತಿಯಲ್ಲಿ ಮೇಷ್ಟ್ರಿಗೆ ಎತ್ತರದ ಕಟ್ಟೆ ಇರುತ್ತದೆ, ಕೈಯಲ್ಲಿ ಸೀಮೆಸುಣ್ಣ, ಕಣ್ಣಲ್ಲಿ ಗದರಿಕೆ. ಬೇಸರವಾದರೂ ಹುಡುಗರು ಎದ್ದು ಹೋಗುವಂತಿಲ್ಲ. ಬಾನುಲಿಯಲ್ಲಿ ಈ ಆಯುಧಗಳು ಒಂದೂ ಇಲ್ಲ. ಕೇಳುಗ ಕಿವಿ ಹಿಂಡುವಷ್ಟು ಸುಲಭವಾಗಿ ರೇಡಿಯೋದ ಕಿವಿ ತಿರುಗಿಸಿಬಿಡುತ್ತಾನೆ. ಸಭೆಗೆ ಮಾತಾಡುವ ಗಂಟಲು ಇಲ್ಲಿ ನಡೆಯುವುದಿಲ್ಲ. ಜಗುಲಿಯ ಮೇಲೆ ಎದುರಿಗೆ ಕೂತ ಒಬ್ಬನಿಗೆ ಹೇಳಿದಂತೆ ಹೇಳಬೇಕು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ಮತ್ತೆ ಯೋಚಿಸಿಯೇ ಹೇಳಬೇಕು, ಇಲ್ಲದಿದ್ದರೆ ನಾಲಿಗೆ ತಡವರಿಸುತ್ತದೆ. ಪ್ರಾಧ್ಯಾಪಕನ ಅಹಂಕಾರ ಇಳಿಸಲು ಇದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿಲ್ಲ.

ಮುಂದಿನದು ನಿಮಗೆ ತಿಳಿದ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. 1950ರ ಏಪ್ರಿಲ್ 1ರಂದು ಹೈದರಾಬಾದ್, ಔರಂಗಾಬಾದ್, ತಿರುವನಂತಪುರಗಳ ಜೊತೆಗೆ ಅದೂ ಆಲ್ ಇಂಡಿಯಾ ರೇಡಿಯೋ ಸೇರಿತು. 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ. ಈಗದು ಯಾದವಗಿರಿಯಲ್ಲಿದೆ, ಹಳೆಯ ವಿಠಲ ವಿಹಾರದ ಜಾಗಕ್ಕೆ ಕೂಗಳತೆಯ ದೂರ. ಈ ನಡುವೆ ಐವತ್ತರ ದಶಕದಲ್ಲೇ ‘ಆಕಾಶವಾಣಿ’ ದೇಶದ ಬಾನುಲಿಗೆಲ್ಲ ಹೆಸರಾಯಿತು. 2023ರ ಮೇ ತಿಂಗಳಲ್ಲಿ ಪ್ರಸಾರ ಭಾರತಿ ‘ಆಲ್ ಇಂಡಿಯಾ ರೇಡಿಯೋ’ ಎಂಬುದನ್ನು ಪೂರ್ತಿ ಬಿಟ್ಟು ಇದೊಂದನ್ನೇ ಉಳಿಸಿಕೊಂಡಿತು. ಒಂಟಿಕೊಪ್ಪಲಿನ ಮನೆಯೊಂದರಿಂದ ಹೊರಟ ಹೆಸರು ದೆಹಲಿಯ ಫಲಕ ಏರಿತು. ತಮಿಳುನಾಡಿನಲ್ಲಿ ಈ ಹೆಸರಿಗೆ ಹಿಂದೆಯೂ ವಿರೋಧವಿತ್ತು, 2023ರಲ್ಲೂ ಎದ್ದಿತು. ಹಿಂದಿಯನ್ನು ಹೇರುತ್ತಿದ್ದಾರೆ ಎಂಬ ಅವರ ಅಳಲು ಸುಳ್ಳಲ್ಲ. ಆದರೂ ಇದು ದೆಹಲಿಯಲ್ಲಿ ಹುಟ್ಟಿದ ಹೆಸರಲ್ಲ, ಕನ್ನಡದ ಊರೊಂದರಿಂದ ಹೋದದ್ದು ಎಂದು ಆಗ ಗಟ್ಟಿಯಾಗಿ ಹೇಳಿದವರು ನಮ್ಮಲ್ಲಿ ಎಷ್ಟು ಜನ?

ಇನ್ನು ನಿಮ್ಮ ವಿಷಯ. 2002ರ ಕೊನೆಯಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಬಾನುಲಿ ನಡೆಸಲು ಅನುಮತಿ ಸಿಕ್ಕಿತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಮಂಗಳೂರಿನ ‘ರೇಡಿಯೋ ಸಾರಂಗ್’, ಸರಗೂರಿನ ‘ಜನಧ್ವನಿ’, ಬೆಂಗಳೂರಿನ ‘ರೇಡಿಯೋ ಆಕ್ಟಿವ್’ ಎಂದು ನಮ್ಮಲ್ಲೂ ಕೇಂದ್ರಗಳು ಎದ್ದವು. ಸರಗೂರಿನ ಕಡೆ ಕಾಡಂಚಿನ ಜನರ ಮಾತು ಬಾನುಲಿಯಲ್ಲಿ ಬಂದದ್ದು, ಕರಾವಳಿಯಲ್ಲಿ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಗಳಿಗೆ ಹೊತ್ತು ಸಿಕ್ಕಿದ್ದು ಸಣ್ಣ ಸಾಧನೆಯಲ್ಲ. ಸಾಮಾನ್ಯವಾಗಿ ನಿಮಗೆ ಸಿಗುವುದು 50 ವ್ಯಾಟಿನ ಪ್ರೇಷಕ. ಐದರಿಂದ ಹತ್ತು ಕಿಲೋಮೀಟರು ಮುಟ್ಟುತ್ತದೆ. ಇಷ್ಟು ಸಣ್ಣದರಲ್ಲಿ ಏನು ಮಾಡಲಿಕ್ಕಾಗುತ್ತದೆ ಎಂದು ನಿಮ್ಮಲ್ಲಿ ಕೆಲವರು ಗೊಣಗುವುದನ್ನು ಕೇಳಿದ್ದೇನೆ. ವಿಠಲ ವಿಹಾರದ್ದು ಮೀಡಿಯಂ ವೇವ್, ನಿಮ್ಮದು ಎಫ್‌ಎಂ, ಒಂದಕ್ಕೊಂದು ಹೋಲಿಸುವಂತಿಲ್ಲ ಎಂದು ತಂತ್ರಜ್ಞರು ಹೇಳಬಹುದು, ಒಪ್ಪಿದೆ. ಆದರೂ ವ್ಯಾಟಿನ ಲೆಕ್ಕದಲ್ಲಿ ನೀವು ಆ ಮೇಷ್ಟ್ರಿಗಿಂತ ಶ್ರೀಮಂತರಾಗಿಯೇ ಶುರು ಮಾಡಿದ್ದೀರಿ.

ಕೊರತೆ ಬೇರೆ ಕಡೆ ಇದೆ. ಕಾಲೇಜು ಬಾನುಲಿ ಎಂದರೆ ಪತ್ರಿಕೋದ್ಯಮ ವಿಭಾಗದ ಪ್ರಯೋಗಾಲಯ ಎಂದಾಗಿಬಿಟ್ಟಿದೆ. ಅಲ್ಲಿನ ಮಕ್ಕಳು ಪಾಪ ಎಲ್ಲವನ್ನೂ ಮಾಡುತ್ತಾರೆ: ನಿರೂಪಣೆ, ಸಂಕಲನ, ಕೊನೆಗೆ ಹೊತ್ತು ತುಂಬಿಸಲು ಚಿತ್ರಗೀತೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸಸ್ಯಶಾಸ್ತ್ರ, ಅರ್ಥಶಾಸ್ತ್ರ, ಗಣಿತ ಹೇಳುವವರು ಮೈಕಿನ ಹತ್ತಿರ ಸುಳಿಯುವುದೇ ಇಲ್ಲ. ಕರೆದರೆ ‘ಅದೆಲ್ಲ ನಮಗೆ ಬರೋಲ್ಲ’ ಎನ್ನುತ್ತಾರೆ. ಯಾರೂ ಓದದ ಪ್ರಬಂಧಕ್ಕೆ ಸಿಗುವ ಬೆಲೆ ಊರೆಲ್ಲ ಕೇಳುವ ಹದಿನೈದು ನಿಮಿಷದ ಮಾತಿಗೆ ಬಡ್ತಿಯ ಲೆಕ್ಕದಲ್ಲಿ ಸಿಗದು ಎಂಬುದೂ ನಿಜ. ಆದರೆ ಬಡ್ತಿಯನ್ನು ನೆಚ್ಚಿಕೊಂಡಿದ್ದರೆ ವಿಠಲ ವಿಹಾರದಲ್ಲಿ ಆಂಟೆನಾ ಏಳುತ್ತಿರಲಿಲ್ಲ.

ಅದಕ್ಕೇ ಒಂದು ವಿನಂತಿ. ಬರುವ ಸೆಪ್ಟೆಂಬರ್ 10ಕ್ಕೆ ಸಭೆ ಬೇಡ, ಹಾರ ಬೇಡ. ಆ ದಿನ ನಿಮ್ಮ ಕೇಂದ್ರದ ಸಂಜೆಯ ಹೊತ್ತನ್ನು ನಿಮ್ಮ ಸುತ್ತಿನ ಅಧ್ಯಾಪಕರಿಗೆ ಬಿಟ್ಟುಕೊಡಿ. ಪ್ರಾಥಮಿಕ ಶಾಲೆಯವರೂ ಬರಲಿ. ಪ್ರತಿಯೊಬ್ಬರೂ ತಮ್ಮ ವಿಷಯದ ಒಂದೇ ಒಂದು ಸಂಗತಿಯನ್ನು ಹತ್ತು ನಿಮಿಷ, ಕಾಗದ ನೋಡದೆ, ಅಕ್ಕಪಕ್ಕದ ಮನೆಯವರಿಗೆ ಹೇಳುವಂತೆ ಹೇಳಲಿ. ತಡವರಿಸಿದರೆ ತಡವರಿಸಲಿ. ಎಲ್ಲವನ್ನೂ ಧ್ವನಿಮುದ್ರಿಸಿ, ಊರಿನ ಗ್ರಂಥಾಲಯಕ್ಕೆ ಒಂದು ಪ್ರತಿ ಕೊಡಿ. ವಿಠಲ ವಿಹಾರದ ಕಾಲದಲ್ಲಿ ಆಡಿದ ಮಾತು ಆಡಿದ ಕ್ಷಣಕ್ಕೇ ಗಾಳಿಗೆ ಹೋಗುತ್ತಿತ್ತು, ಉಳಿಸಿಕೊಳ್ಳುವ ಅನುಕೂಲ ಅಂದಿನವರಿಗೆ ಇರಲಿಲ್ಲ. ನಿಮಗಿದೆ, ಅದೂ ಕೈಯಲ್ಲಿನ ಫೋನಿನಲ್ಲೇ. ಮೈಸೂರಿನವರು ಇನ್ನೊಂದು ಕೆಲಸ ಮಾಡಬಹುದು. ಆ ಮನೆಯ ಪ್ರಸಾರವನ್ನು ಬಾಲ್ಯದಲ್ಲಿ ಕೇಳಿದ ತೊಂಬತ್ತು ದಾಟಿದ ಅಜ್ಜ ಅಜ್ಜಿಯರು ಒಂಟಿಕೊಪ್ಪಲು, ಅಗ್ರಹಾರ, ಚಾಮುಂಡಿಪುರಂ ಕಡೆ ಒಬ್ಬಿಬ್ಬರಾದರೂ ಸಿಕ್ಕಾರು. ಈ ವರ್ಷವೇ ಹೋಗಿ ಕೇಳಿ. ಮುಂದಿನ ವರ್ಷ ಎಂದು ಇಟ್ಟುಕೊಳ್ಳುವ ಕೆಲಸವಲ್ಲ ಇದು.

ಮತ್ತೆ, ನಿಮ್ಮ ಕಾಲೇಜಿನ ಮನಃಶಾಸ್ತ್ರ ವಿಭಾಗದವರನ್ನು ದಯವಿಟ್ಟು ಕರೆಯಿರಿ. ಆಕಾಶವಾಣಿಯ ಹೆಸರಿನ ಸಭೆಗಳಿಗೆ ಅವರಿಗೆ ಆಹ್ವಾನ ಹೋದದ್ದನ್ನು ನಾನಂತೂ ಕಂಡಿಲ್ಲ.

ಇಂತು ನಿಮ್ಮ,
ಒಬ್ಬ ಹಳೆಯ ಮೇಷ್ಟ್ರು, ಹಳೆಯ ಕೇಳುಗ